ನಾಲ್ಕು ಸೀಸನ್ನೋ, ಏಳು ಸೀಸನ್ನೋ? ಕಿಮ್ ಯೊನ್‌ಕ್ಯುಂಗ್ ಪ್ರಕರಣ

2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ವಾಲಿಬಾಲ್‌ನಲ್ಲಿ ಚಿನ್ನ ಬ್ರೆಜಿಲ್‌ಗೆ, ಬೆಳ್ಳಿ ಅಮೆರಿಕಕ್ಕೆ, ಕಂಚು ಜಪಾನಿಗೆ ಹೋಯಿತು. ಆದರೆ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಸಿಕ್ಕಿದ್ದು ನಾಲ್ಕನೇ ಸ್ಥಾನಕ್ಕೆ ಬಂದ ತಂಡದವರಿಗೆ. ದಕ್ಷಿಣ ಕೊರಿಯಾದ ಕಿಮ್ ಯೊನ್‌ಕ್ಯುಂಗ್ 8 ಪಂದ್ಯಗಳಲ್ಲಿ 207 ಅಂಕ ಗಳಿಸಿದ್ದರು. ಪದಕವೇ ಇಲ್ಲದ ತಂಡದಲ್ಲಿದ್ದುಕೊಂಡು ಇಂಥ ಪ್ರಶಸ್ತಿ ಪಡೆಯೋದು ತೀರಾ ಅಪರೂಪ.

ಇನ್ನೂ ವಿಚಿತ್ರ ಏನೆಂದರೆ, ಆ ಹೊತ್ತಿನಲ್ಲಿ ಅವರು ಮುಂದಿನ ಸೀಸನ್‌ನಲ್ಲಿ ಯಾವ ಕ್ಲಬ್‌ಗೂ ಆಡುವಂತಿರಲಿಲ್ಲ. ಒಲಿಂಪಿಕ್ಸ್ ಶುರುವಾಗುವುದಕ್ಕೆ ಕೆಲವೇ ವಾರ ಮೊದಲು ಅವರ ಸ್ವಂತ ಕ್ಲಬ್ ಅವರನ್ನು 'ತಾನಾಗಿ ತಂಡ ಬಿಟ್ಟವರು' ಎಂಬ ಪಟ್ಟಿಗೆ ಸೇರಿಸಿಬಿಟ್ಟಿತ್ತು. ಕೊರಿಯಾದ ನಿಯಮದಲ್ಲಿ ಈ ಪಟ್ಟಿಗೆ ಬಿದ್ದವರು ಹಳೆಯ ಕ್ಲಬ್ ಒಪ್ಪುವ ತನಕ ದೇಶದ ಬೇರೆ ಯಾವ ತಂಡಕ್ಕೂ ಆಡುವಂತಿಲ್ಲ. ಜಗತ್ತಿನ ಅತ್ಯುತ್ತಮ ಆಟಗಾರ್ತಿ ಅಂತ ಕರೆಸಿಕೊಂಡವರು ಊರಿಗೆ ಮರಳಿದ್ದು ಈ ಸ್ಥಿತಿಯಲ್ಲಿ.

ಹೀಗಾದದ್ದು ಹೇಗೆ? ಜಗಳವನ್ನೆಲ್ಲ ಬಸಿದರೆ ಕೊನೆಗೆ ಉಳಿಯೋದು ಒಂದು ಎಣಿಕೆ. ಕಿಮ್ ತಮ್ಮ ಕ್ಲಬ್‌ಗೆ ಸೇವೆ ಸಲ್ಲಿಸಿದ್ದು ನಾಲ್ಕು ಸೀಸನ್ನೋ, ಏಳು ಸೀಸನ್ನೋ?

ಶುರುವಿನ ದಿನಗಳು

ಕಿಮ್ ಹುಟ್ಟಿದ್ದು 1988ರ ಫೆಬ್ರುವರಿ 26ರಂದು, ಸೋಲ್ ಹತ್ತಿರದ ಆನ್ಸಾನ್‌ನಲ್ಲಿ. ಈಗ ಅವರ ಎತ್ತರ 192 ಸೆಂಟಿಮೀಟರ್. ಆದರೆ ಶಾಲೆಯ ದಿನಗಳಲ್ಲಿ ಅವರು ಕುಳ್ಳಿ. ನೆಟ್ ಹತ್ತಿರ ನಿಲ್ಲಿಸಿದರೆ ಪ್ರಯೋಜನವಿಲ್ಲ ಅಂತ ಹಿಂದೆ ನಿಲ್ಲಿಸುತ್ತಿದ್ದರು. ಹಾಗಾಗಿ ಸರ್ವಿಸ್ ಎತ್ತುವುದು, ಬಿದ್ದ ಚೆಂಡನ್ನು ಉಳಿಸುವುದು, ಇನ್ನೊಬ್ಬರು ಹೊಡೆಯಲೆಂದು ಚೆಂಡನ್ನು ಎತ್ತಿ ಕೊಡುವುದು (ಲಿಫ್ಟ್), ಇದೇ ಅವರ ಪಾಠವಾಯಿತು. ಹೈಸ್ಕೂಲಿನಲ್ಲಿ ಒಮ್ಮೆಲೇ ಬೆಳೆದರು. ಬೆಳೆದ ಮೇಲೂ ಕಲಿತದ್ದು ಮರೆಯಲಿಲ್ಲ. ಇಷ್ಟು ಎತ್ತರದ ಅಟ್ಯಾಕರ್‌ಗಳಲ್ಲಿ ಅನೇಕರಿಗೆ ಪಾಸ್ ಮಾಡಲು ಬರುವುದಿಲ್ಲ. ಎದುರಾಳಿ ಬೇಕಂತಲೇ ಅವರ ಮೇಲೆ ಸರ್ವಿಸ್ ಹಾಕುತ್ತಾರೆ. ಕಿಮ್ ಮೇಲೆ ಹಾಕಿದರೆ ಚೆಂಡು ಸರಿಯಾಗಿ ಲಿಫ್ಟರ್ ಕೈಗೆ ಹೋಗುತ್ತಿತ್ತು, ಆಮೇಲೆ ಅದೇ ಚೆಂಡನ್ನು ಅವರೇ ಬಂದು ಹೊಡೆಯುತ್ತಿದ್ದರು.

ಕೊರಿಯಾದಲ್ಲಿ ವೃತ್ತಿಪರ ವಿ-ಲೀಗ್ ಶುರುವಾದದ್ದು 2005ರಲ್ಲಿ. ಮಹಿಳೆಯರಲ್ಲಿ ಆಗ ಐದೇ ತಂಡ. ತಂಡಗಳೆಲ್ಲ ಕಂಪನಿಗಳವು: ಒಂದು ಪೆಟ್ರೋಲ್ ಕಂಪನಿಯದ್ದು, ಇನ್ನೊಂದು ಹೆದ್ದಾರಿ ನಿಗಮದ್ದು, ಮತ್ತೊಂದು ಕಟ್ಟಡ ಕಂಪನಿಯದ್ದು, ಹೀಗೆ. ಹುಂಗ್‌ಕುಕ್ ಲೈಫ್ ವಿಮೆ ಕಂಪನಿ, ಅದರ ತಂಡದ ಹೆಸರು ಪಿಂಕ್ ಸ್ಪೈಡರ್ಸ್. ಹೈಸ್ಕೂಲ್ ಮುಗಿಸುವ ಹುಡುಗಿಯರನ್ನು ತಂಡಗಳು ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತವೆ. ಯಾವ ತಂಡಕ್ಕೆ ಹೋಗಬೇಕು ಅಂತ ಹೇಳುವ ಹಕ್ಕು ಹುಡುಗಿಗಿಲ್ಲ. 2005ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಹುಂಗ್‌ಕುಕ್‌ದಾಗಿತ್ತು, ಅವರು ಕಿಮ್‌ರನ್ನು ಕರೆದರು.

ಮೊದಲ ಸೀಸನ್‌ನಲ್ಲೇ ಹೊಸ ಆಟಗಾರ್ತಿ ಪ್ರಶಸ್ತಿ, ಲೀಗ್‌ನ ಅತ್ಯುತ್ತಮ ಆಟಗಾರ್ತಿ, ಫೈನಲ್‌ನ ಅತ್ಯುತ್ತಮ ಆಟಗಾರ್ತಿ, ಮೂರೂ ಅವರಿಗೇ. ತಂಡ ಚಾಂಪಿಯನ್. 2006-07ರಲ್ಲಿ ಮತ್ತೆ, 2008-09ರಲ್ಲಿ ಮತ್ತೆ. ನಾಲ್ಕು ಸೀಸನ್, ಮೂರು ಕಪ್.

ಎರವಲು ಹೋದ ಮೂರು ವರ್ಷ

2009ರಲ್ಲಿ ಹುಂಗ್‌ಕುಕ್ ಅವರನ್ನು ಜಪಾನಿನ ಜೆಟಿ ಮಾರ್ವೆಲಸ್‌ಗೆ ಎರವಲು ಕೊಟ್ಟಿತು. ಅಲ್ಲಿ ಮೊದಲ ಸೀಸನ್‌ನಲ್ಲಿ ತಂಡ ಸತತ 25 ಪಂದ್ಯ ಗೆದ್ದು ಕೊನೆಗೆ ಫೈನಲ್‌ನಲ್ಲಿ ಸೋತಿತು. ಎರಡನೇ ಸೀಸನ್ 2011ರ ಮಾರ್ಚ್‌ನ ಭೂಕಂಪದಿಂದ ಅರ್ಧಕ್ಕೇ ನಿಂತಿತು. ಆಗ ಮುಂದಿದ್ದ ಜೆಟಿಗೇ ಪ್ರಶಸ್ತಿ ಸಿಕ್ಕಿತು. ಅಲ್ಲಿಂದ ಇಸ್ತಾಂಬುಲ್‌ನ ಫೆನರ್‌ಬಾಹ್ಚೆಗೆ, ಅದೂ ಎರವಲಾಗಿಯೇ. 2012ರ ಮಾರ್ಚ್‌ನಲ್ಲಿ ಬಾಕುವಿನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಫೆನರ್‌ಬಾಹ್ಚೆ ಫ್ರಾನ್ಸಿನ ಕಾನ್ ತಂಡವನ್ನು 3-0ಯಿಂದ ಸೋಲಿಸಿತು. ಅತ್ಯುತ್ತಮ ಆಟಗಾರ್ತಿ ಮತ್ತೆ ಕಿಮ್.

ಯುರೋಪಿನ ಅತಿ ದೊಡ್ಡ ಕಪ್ ಕೈಯಲ್ಲಿತ್ತು, ಫೆನರ್‌ಬಾಹ್ಚೆಗೆ ಅವರನ್ನು ಬಿಡುವ ಮನಸ್ಸಿರಲಿಲ್ಲ. ಇತ್ತ ಹುಂಗ್‌ಕುಕ್ ಜೊತೆಗಿನ ಒಪ್ಪಂದ 2012ರ ಜೂನ್ 30ಕ್ಕೆ ಮುಗಿಯುತ್ತಿತ್ತು. ಕಿಮ್ ಏಜೆಂಟ್ ಮೂಲಕ ಮಾತಾಡಿ ಫೆನರ್‌ಬಾಹ್ಚೆ ಜೊತೆ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಹುಂಗ್‌ಕುಕ್ ತಕರಾರು ತೆಗೆದದ್ದು ಇಲ್ಲೇ.

ಎರಡೂ ಕಡೆಯವರ ಲೆಕ್ಕ

ಕೊರಿಯಾದ ಲೀಗ್‌ನಲ್ಲಿ ಒಪ್ಪಂದ ಮುಗಿದರೆ ಆಟಗಾರ್ತಿ ಸ್ವತಂತ್ರಳಾಗುವುದಿಲ್ಲ. ಆರು ಸೀಸನ್ ಆಡಿದ ಮೇಲಷ್ಟೇ 'ಎಫ್‌ಎ', ಅಂದರೆ ಫ್ರೀ ಏಜೆಂಟ್, ಆಗೋದು. ಅಲ್ಲಿಯವರೆಗೆ ಒಪ್ಪಂದದ ಕಾಗದ ಹಳತಾದರೂ ಅವಳ ಜೊತೆ ಮಾತಾಡುವ ಹಕ್ಕು ಮೊದಲ ಕ್ಲಬ್‌ಗೆ ಮಾತ್ರ. ಡ್ರಾಫ್ಟ್‌ನಲ್ಲಿ ಆರಿಸಿದ ದಿನದಿಂದಲೇ ಈ ಬಂಧನ ಶುರು.

ಹುಂಗ್‌ಕುಕ್ ಹೇಳಿದ್ದು: ಕಿಮ್ ನಮ್ಮ ಲೀಗ್‌ನಲ್ಲಿ ಆಡಿದ್ದು ನಾಲ್ಕೇ ಸೀಸನ್. ಜಪಾನಿನ ಎರಡು, ಟರ್ಕಿಯ ಒಂದು ಲೆಕ್ಕಕ್ಕಿಲ್ಲ. ಇನ್ನೂ ಎರಡು ಸೀಸನ್ ಬಾಕಿ. ಅಲ್ಲಿಯವರೆಗೆ ಅವರು ನಮ್ಮವರು. ಹೊರದೇಶಕ್ಕೆ ಹೋಗಬೇಕಾದರೆ ಎರವಲಾಗಿಯೇ, ಅದೂ ನಮ್ಮ ಮೂಲಕವೇ.

ಕಿಮ್ ಹೇಳಿದ್ದು: ಎರವಲು ಕೊಟ್ಟದ್ದು ನೀವೇ. ಆ ಮೂರು ವರ್ಷವೂ ನಾನು ನಿಮ್ಮ ಆಟಗಾರ್ತಿಯಾಗಿಯೇ ಅಲ್ಲಿ ಆಡಿದೆ. ಸೇರಿಸಿದರೆ ಏಳು ಸೀಸನ್. ಅದು ಬೇಡ ಅಂದರೂ ಒಪ್ಪಂದ ಮುಗಿದಿದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಪ್ಪಂದವಿಲ್ಲದ ಆಟಗಾರ್ತಿ ಯಾರ ಸ್ವತ್ತೂ ಅಲ್ಲ.

ನಮ್ಮ ಸರ್ಕಾರಿ ಕಚೇರಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಇಲಾಖೆಯವರನ್ನು ಎರವಲು ಸೇವೆ ಮೇಲೆ ಇನ್ನೊಂದು ಕಡೆ ಕಳಿಸುತ್ತಾರೆ. ಅವರು ಅಲ್ಲಿ ಕೂತು ಕೆಲಸ ಮಾಡಿದರೂ ಮಾತೃ ಇಲಾಖೆಯಲ್ಲಿ ಅವರ ಸರ್ವಿಸ್ ಓಡುತ್ತಲೇ ಇರುತ್ತದೆ. "ನೀನು ನಮ್ಮವನು, ಆದರೆ ಆ ಮೂರು ವರ್ಷ ಸರ್ವಿಸ್‌ಗೆ ಸೇರಲ್ಲ" ಅಂದರೆ ನೌಕರರ ಸಂಘ ಸುಮ್ಮನಿರುತ್ತದಾ? ಹುಂಗ್‌ಕುಕ್ ಹೇಳುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ. ಹಕ್ಕು ಚಲಾಯಿಸುವಾಗ ಆ ಮೂರು ವರ್ಷ ತಮ್ಮದು, ಬಿಡುಗಡೆಯ ಲೆಕ್ಕ ಹಾಕುವಾಗ ತಮ್ಮದಲ್ಲ.

ಹಾಗಂತ ಕ್ಲಬ್‌ನ ವಾದ ಪೂರ್ತಿ ಹುರುಳಿಲ್ಲದ್ದು ಅಂತ ನನಗೆ ಅನ್ನಿಸುವುದಿಲ್ಲ. ಐದಾರು ತಂಡಗಳ ಸಣ್ಣ ಲೀಗ್ ಅದು. ಎರವಲಿನ ವರ್ಷಗಳನ್ನೂ ಎಣಿಸಿಬಿಟ್ಟರೆ ಒಳ್ಳೆಯ ಆಟಗಾರ್ತಿಯರೆಲ್ಲ ಎರಡು ವರ್ಷ ಇಲ್ಲಿ ಆಡಿ, ನಾಲ್ಕು ವರ್ಷ ಹೊರಗೆ ಕಳೆದು ಸ್ವತಂತ್ರರಾಗಬಹುದು. ಮತ್ತೆ ಡ್ರಾಫ್ಟ್‌ಗೆ ಅರ್ಥವೇನು? ಅದೇ ನಿಯಮಕ್ಕೆ ಸಿಕ್ಕಿ ಊರಲ್ಲೇ ಆರು ಸೀಸನ್ ಕಾದ ಬೇರೆ ಹುಡುಗಿಯರೂ ಇದ್ದರು. ನಿಜವಾದ ತಪ್ಪು ಆದದ್ದು 2009ರಲ್ಲೇ ಅಂತ ನನ್ನ ಅನಿಸಿಕೆ. ಈ ಮಟ್ಟದ ಆಟಗಾರ್ತಿಯನ್ನು ವರ್ಷಗಟ್ಟಲೆ ಎರವಲು ಕಳಿಸುವಾಗ, ಆ ವರ್ಷಗಳು ಯಾವ ಲೆಕ್ಕಕ್ಕೆ ಅನ್ನೋದನ್ನು ಎರಡೂ ಕಡೆಯವರು ಕೂತು ಮೊದಲೇ ಬಗೆಹರಿಸಿಕೊಳ್ಳಬೇಕಿತ್ತು. ಸಂಬಂಧ ಚೆನ್ನಾಗಿದ್ದಾಗ ಯಾರೂ ಇಂಥದ್ದನ್ನು ಕೇಳುವುದಿಲ್ಲ, ಅಲ್ವಾ?

ಒಂದು ಸಹಿಯ ಬಲ

ಒಪ್ಪಂದ ಮುಗಿದಿದ್ದರೆ ಟರ್ಕಿಗೆ ಹೋಗಿ ಆಡಿದರಾಯಿತು, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ತಡೆ ಇದ್ದದ್ದು ಐಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ವರ್ಗಾವಣೆ ಪತ್ರದಲ್ಲಿ. ವಾಲಿಬಾಲ್‌ನಲ್ಲಿ ಒಂದು ದೇಶದ ಆಟಗಾರ್ತಿ ಇನ್ನೊಂದು ದೇಶದ ಲೀಗ್‌ನಲ್ಲಿ ಆಡಬೇಕಾದರೆ ಈ ಪತ್ರ ಬೇಕು. ಅದಕ್ಕೆ ಅವಳ ತವರಿನ ಸಂಘದ ಒಪ್ಪಿಗೆ ಬೇಕು. ಮೇಲೆ ಜಾಗತಿಕ ಒಕ್ಕೂಟ ಎಫ್‌ಐವಿಬಿ ಮುದ್ರೆ ಒತ್ತಬೇಕು. ಒಪ್ಪಂದ ಎಷ್ಟೇ ಗಟ್ಟಿಯಿದ್ದರೂ ಈ ಪತ್ರ ಇಲ್ಲದೆ ಅಂಕಣಕ್ಕೆ ಇಳಿಯುವಂತಿಲ್ಲ. ಕೊರಿಯಾ ವಾಲಿಬಾಲ್ ಸಂಘ ಕ್ಲಬ್‌ನ ಒಪ್ಪಿಗೆ ಇಲ್ಲದೆ ಪತ್ರ ಕೊಡುವುದಿಲ್ಲ ಅಂತ ಕೂತಿತು.

ಒಲಿಂಪಿಕ್ಸ್ ನಡುವೆ ಬಂತು. ಕೊರಿಯಾದ ಹುಡುಗಿಯರು ಬ್ರೆಜಿಲ್‌ನ್ನು 3-0ಯಿಂದ ಸೋಲಿಸಿದರು, ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯನ್ನು ಕೆಡವಿದರು. 1976ರ ಮಾಂಟ್ರಿಯಲ್‌ ಕಂಚಿನ ನಂತರ ಇನ್ನೊಂದು ಪದಕ ಬಂತು ಅಂತ ದೇಶವೇ ಕಾಯುತ್ತಿತ್ತು. ಕಂಚಿನ ಪಂದ್ಯದಲ್ಲಿ ಜಪಾನ್ 3-0ಯಿಂದ ಗೆದ್ದಿತು. ಪದಕ ತಪ್ಪಿತು. ಆದರೆ ವಾಲಿಬಾಲ್ ನೋಡದವರಿಗೂ ಕಿಮ್ ಹೆಸರು ಗೊತ್ತಾಯಿತು. ಮುಂದೆ ನಡೆದದ್ದರಲ್ಲಿ ಈ ಜನಪ್ರಿಯತೆಯ ಪಾಲು ದೊಡ್ಡದು.

ಸೆಪ್ಟೆಂಬರ್‌ನಲ್ಲಿ ಸಂಘದ ಮಧ್ಯಸ್ಥಿಕೆಯಲ್ಲಿ ಒಂದು ಒಪ್ಪಂದಪತ್ರಕ್ಕೆ ಸಹಿಯಾಯಿತು. ಕಿಮ್ ಹುಂಗ್‌ಕುಕ್ ಆಟಗಾರ್ತಿಯಾಗಿಯೇ ಹೊರದೇಶಕ್ಕೆ ಹೋಗುತ್ತಾರೆ, ಎರಡು ವರ್ಷದ ನಂತರ ಮರಳುತ್ತಾರೆ ಅನ್ನೋದು ಅದರ ತಿರುಳು. ಇದು ಸದ್ಯದ ಮಟ್ಟಿಗೆ ಮಾತ್ರ, ಕೊನೆಯ ತೀರ್ಮಾನ ಎಫ್‌ಐವಿಬಿಯದ್ದು, ಅವರ ಮುಂದೆ ಈ ಕಾಗದ ಇಡುವುದಿಲ್ಲ ಅಂತ ಕಿಮ್ ಕಡೆಯವರು ನಂಬಿದ್ದರು. ಸಂಘ ಅದೇ ಕಾಗದವನ್ನು ಎಫ್‌ಐವಿಬಿಗೆ ಕಳಿಸಿತು.

ಫಲಿತಾಂಶ ಊಹಿಸಬಹುದು. ಅಕ್ಟೋಬರ್‌ನಲ್ಲಿ ಉತ್ತರ ಬಂತು: ನೀವೇ ಸಹಿ ಹಾಕಿದ್ದೀರಿ, ಹಾಗಾದರೆ ಮೂಲ ಕ್ಲಬ್ ಹುಂಗ್‌ಕುಕ್ಕೇ. ಎರವಲಿನ ವರ್ಷ ಎಣಿಸಬೇಕೋ ಬೇಡವೋ, ಒಪ್ಪಂದ ಮುಗಿದವರ ಮೇಲೆ ಯಾರಿಗೆ ಹಕ್ಕು, ಈ ಅಸಲಿ ಪ್ರಶ್ನೆಗಳೆಲ್ಲ ಪಕ್ಕಕ್ಕೆ ಸರಿದವು. ಎಲ್ಲವನ್ನೂ ಆ ಒಂದು ಕಾಗದ ತೀರ್ಮಾನಿಸಿಬಿಟ್ಟಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಬೇಸರ ತರಿಸುವ ಭಾಗ ಇದು. ಕ್ಲಬ್ ತನ್ನ ಲಾಭ ನೋಡಿತು, ಆಟಗಾರ್ತಿ ತನ್ನದು ನೋಡಿದರು. ಅದು ಸಹಜ. ನಡುವೆ ನಿಂತು ರಾಜಿ ಮಾಡಿಸಿದ ಸಂಘ ಆ ರಾಜಿಯ ಕಾಗದವನ್ನೇ ಒಂದು ಕಡೆಯವರ ವಿರುದ್ಧ ಸಾಕ್ಷಿ ಮಾಡಿದ್ದು ಸಹಜವಲ್ಲ. 24 ವರ್ಷದ ಹುಡುಗಿ ವಕೀಲರಿಗೆ ತೋರಿಸದೆ ಸಹಿ ಹಾಕಬಾರದಿತ್ತು ಅಂತ ಈಗ ಕೂತು ಹೇಳುವುದು ಸುಲಭ. ರಾಷ್ಟ್ರೀಯ ತಂಡವನ್ನು ನಡೆಸುವ ಸಂಘವೇ ಎದುರು ಕೂತು ಕಾಗದ ಮುಂದಿಟ್ಟರೆ ಬೇಡ ಅನ್ನುವವರು ಎಷ್ಟು ಜನ?

ಸಂಸತ್ತಿನ ತನಕ

ಕಿಮ್ ಸುಮ್ಮನಾಗಲಿಲ್ಲ. ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಸಂಸತ್ತಿನ ಆವರಣದಲ್ಲೇ ಪತ್ರಿಕಾಗೋಷ್ಠಿ ನಡೆಸಿದರು. ವಿಷಯ ಸಂಸತ್ತಿನ ವಾರ್ಷಿಕ ಪರಿಶೀಲನೆಯಲ್ಲೂ ಬಂತು. ಲಂಡನ್‌ನಲ್ಲಿ ದೇಶದ ಮಾನ ಉಳಿಸಿದವರನ್ನು ಮನೆಯಲ್ಲಿ ಕೂರಿಸುತ್ತೀರಾ ಅಂತ ಜನ ಕೇಳತೊಡಗಿದರು. ಒತ್ತಡಕ್ಕೆ ಮಣಿದು ಸಂಘ ಅದೇ ತಿಂಗಳ ಕೊನೆಯ ಭಾಗದಲ್ಲಿ ಒಂದು ವರ್ಷದ ಮಟ್ಟಿಗೆ ವರ್ಗಾವಣೆ ಪತ್ರ ಕೊಟ್ಟಿತು. ಕಿಮ್ ಇಸ್ತಾಂಬುಲ್‌ಗೆ ಹೊರಟರು.

ಇಲ್ಲಿ ಒಂದು ಮಾತು. ಒತ್ತಡದಿಂದ ಸಿಕ್ಕಿದ್ದು ಅವರೊಬ್ಬರಿಗೆ, ನಿಯಮ ಬದಲಾಗಲಿಲ್ಲ. ಒಲಿಂಪಿಕ್ಸ್ ಪ್ರಶಸ್ತಿ ಇಲ್ಲದ, ಟಿವಿಯಲ್ಲಿ ಕಾಣದ ಆಟಗಾರ್ತಿಗೆ ಇದೇ ಆಗಿದ್ದರೆ ಸಂಸತ್ತು ಹಾಗಿರಲಿ, ಸ್ಥಳೀಯ ಪತ್ರಿಕೆಯೂ ಬರೆಯುತ್ತಿರಲಿಲ್ಲ.

ಒಂದು ವರ್ಷ ಮುಗಿಯಿತು, 2013ರಲ್ಲಿ ಮತ್ತೆ ಅದೇ ಕಥೆ. ಪಟ್ಟಿಯಿಂದ ಹೆಸರು ತೆಗೆಯಿರಿ ಅಂತ ಕಿಮ್ ಲೀಗ್‌ಗೆ ಸಲ್ಲಿಸಿದ ಮನವಿ ಬಿದ್ದುಹೋಯಿತು. ಸರಿಯಾದ ಉತ್ತರ ಸಿಗದಿದ್ದರೆ ರಾಷ್ಟ್ರೀಯ ತಂಡಕ್ಕೇ ಆಡುವುದಿಲ್ಲ ಅಂತ ಅವರು ಎಚ್ಚರಿಸಿದರು. ಅವರ ಕೈಯಲ್ಲಿದ್ದ ಅಸ್ತ್ರ ಅದೊಂದೇ. ಈ ಸಲ ಎಫ್‌ಐವಿಬಿ ವಿಷಯವನ್ನು ಬೇರೆ ರೀತಿ ನೋಡಿತು. ವರ್ಗಾವಣೆ ಪತ್ರ ಸಿಕ್ಕಿತು, ಫೆನರ್‌ಬಾಹ್ಚೆ ಹುಂಗ್‌ಕುಕ್‌ಗೆ ವರ್ಗಾವಣೆ ಹಣ ಕೊಡಬೇಕು ಅಂತ ಆಯಿತು. 2014ರ ಹೊತ್ತಿಗೆ ಹೊರದೇಶದ ಮಟ್ಟಿಗೆ ಅವರ ಹಾದಿ ಸುಗಮವಾಯಿತು.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಯಶಸ್ಸಿನ ಕಥೆ, ಬೇಗ ಮುಗಿಸುತ್ತೇನೆ. 2014ರಲ್ಲಿ ಇಂಚಾನ್ ಏಷ್ಯನ್ ಗೇಮ್ಸ್ ಚಿನ್ನ, ಫೈನಲ್‌ನಲ್ಲಿ ಚೀನಾ ವಿರುದ್ಧ 3-0. ಫೆನರ್‌ಬಾಹ್ಚೆ ಜೊತೆ 2014-15 ಮತ್ತು 2016-17ರ ಟರ್ಕಿ ಲೀಗ್ ಪ್ರಶಸ್ತಿ. 2017ರಲ್ಲಿ ಶಾಂಘೈ, ಆಮೇಲೆ ಎರಡು ವರ್ಷ ಇಸ್ತಾಂಬುಲ್‌ನ ಇನ್ನೊಂದು ದೊಡ್ಡ ಕ್ಲಬ್ ಎಜ್ಜಾಜಿಬಾಶಿ. ಈ ಯಾವ ಬದಲಾವಣೆಗೂ ಹುಂಗ್‌ಕುಕ್‌ನ ಅನುಮತಿ ಬೇಕಾಗಲಿಲ್ಲ.

ಊರಿನ ಲೆಕ್ಕ ಮಾತ್ರ ಹಾಗೇ ಉಳಿದಿತ್ತು

ಹೆಚ್ಚಿನ ಬರಹಗಳು ಪ್ರಕರಣವನ್ನು 2014ಕ್ಕೆ ಮುಗಿಸಿಬಿಡುತ್ತವೆ. ನನಗೆ ಕುತೂಹಲ ಇರೋದು ಆಮೇಲಿನದ್ದರಲ್ಲಿ. ಎಫ್‌ಐವಿಬಿ ಹೇಳಿದ್ದು ಹೊರದೇಶಕ್ಕೆ. ಕೊರಿಯಾದ ಲೀಗ್ ಪುಸ್ತಕದಲ್ಲಿ ಕಿಮ್ ಇನ್ನೂ ಅದೇ ಪಟ್ಟಿಯಲ್ಲಿದ್ದರು. ನಾಲ್ಕು ಸೀಸನ್ ಆಗಿದೆ, ಎರಡು ಬಾಕಿ.

2020ರಲ್ಲಿ ಕೊರೊನಾ ಬಂದು ಟರ್ಕಿಯ ಲೀಗ್ ನಿಂತಿತು. ಮುಂದಿನ ವರ್ಷ ಟೋಕಿಯೋ ಒಲಿಂಪಿಕ್ಸ್, ಅದಕ್ಕೆ ಎಲ್ಲಾದರೂ ಆಡುತ್ತಿರಲೇಬೇಕು. ಊರಿಗೆ ಮರಳಬೇಕಾದರೆ ಅವರಿಗಿದ್ದದ್ದು ಒಂದೇ ಬಾಗಿಲು: ಹುಂಗ್‌ಕುಕ್. ಎಂಟು ವರ್ಷದ ಹಿಂದೆ ಸಂಸತ್ತಿನ ತನಕ ಎಳೆದಾಡಿದವರ ಜೊತೆ ಮತ್ತೆ ಕೂತು ಸಂಬಳ ಮಾತಾಡಬೇಕಾಯಿತು. ತಂಡದ ಒಟ್ಟು ಸಂಬಳಕ್ಕೆ ಲೀಗ್ ಮಿತಿ ಹಾಕಿತ್ತು. ಅದರಲ್ಲಿ ದೊಡ್ಡ ಪಾಲು ಆಗಲೇ ಇಬ್ಬರು ಸ್ಟಾರ್‌ಗಳಿಗೆ ಹೋಗಿತ್ತು. ಕಿಮ್ 65 ಕೋಟಿ ವೊನ್ ತನಕ ಕೇಳಬಹುದಿತ್ತು. ಉಳಿದ ಹುಡುಗಿಯರ ಸಂಬಳಕ್ಕೆ ಕತ್ತರಿ ಬೀಳಬಾರದು ಅಂತ 35 ಕೋಟಿ ವೊನ್‌ಗೆ ಒಪ್ಪಿದರು. ಟರ್ಕಿಯಲ್ಲಿ ಅವರು ಪಡೆಯುತ್ತಿದ್ದದ್ದು ಇದರ ಹಲವು ಪಟ್ಟು. ಸಹಿಯಾದ ಮೇಲೆ ಅವರ ಹೆಸರು ಆ ಪಟ್ಟಿಯಿಂದ ಹೊರಬಂತು.

ಆ ಸೀಸನ್ ಸಲೀಸಾಗಿ ನಡೆಯಲಿಲ್ಲ. 2021ರ ಫೆಬ್ರುವರಿಯಲ್ಲಿ ತಂಡದ ಇಬ್ಬರು ಮುಖ್ಯ ಆಟಗಾರ್ತಿಯರು ಶಾಲಾ ದಿನಗಳಲ್ಲಿ ಸಹಪಾಠಿಗಳಿಗೆ ಹಿಂಸೆ ಕೊಟ್ಟ ಆರೋಪ ಹೊರಬಂದು ಅಮಾನತಾದರು. ಫೈನಲ್‌ನಲ್ಲಿ ಜಿಎಸ್ ಕಾಲ್ಟೆಕ್ಸ್ ಎದುರು ಮೂರಕ್ಕೆ ಮೂರೂ ಪಂದ್ಯ ಸೋತರು. ಆ ಇಬ್ಬರ ಪ್ರಕರಣಕ್ಕೂ ನಮ್ಮ ಕಥೆಗೂ ಒಂದು ಕೊಂಡಿಯಿದೆ. ಅವರು ಗ್ರೀಸ್‌ನ ಕ್ಲಬ್ ಸೇರಲು ಹೊರಟಾಗ ಕೊರಿಯಾ ಸಂಘ ವರ್ಗಾವಣೆ ಪತ್ರ ಕೊಡುವುದಿಲ್ಲ ಅಂದಿತು. ಎಫ್‌ಐವಿಬಿ ತಾನೇ ನೇರವಾಗಿ ಕೊಟ್ಟುಬಿಟ್ಟಿತು. 2012ರಲ್ಲಿ ಕಿಮ್‌ಗೆ ಗೋಡೆಯಾಗಿದ್ದ ಸಂಘದ ಆ ಸಹಿ ಒಂಬತ್ತು ವರ್ಷದ ನಂತರ ಅಷ್ಟು ಗಟ್ಟಿಯಾಗಿ ಉಳಿದಿರಲಿಲ್ಲ. ಇವರ ನಡತೆ ಬೇರೆ ಪ್ರಶ್ನೆ, ಆಡುವ ಹಕ್ಕು ಬೇರೆ ಪ್ರಶ್ನೆ. ಎರಡನ್ನೂ ಕಲಸಬಾರದು.

ಟೋಕಿಯೋದಲ್ಲಿ ಕೊರಿಯಾ ಮತ್ತೆ ನಾಲ್ಕನೆಯದು. ಜಪಾನ್ ವಿರುದ್ಧ ಐದನೇ ಸೆಟ್‌ನಲ್ಲಿ 12-14ರಿಂದ ಹಿಂದಿದ್ದು 16-14ಕ್ಕೆ ಗೆದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಟರ್ಕಿಯನ್ನು 3-2ರಿಂದ ಸೋಲಿಸಿದರು. ಟರ್ಕಿ ತಂಡದ ಹಲವರು ಕಿಮ್ ಜೊತೆ ಇಸ್ತಾಂಬುಲ್‌ನಲ್ಲಿ ಆಡಿದವರೇ. ಆಮೇಲೆ ಬ್ರೆಜಿಲ್‌ಗೆ, ಸೆರ್ಬಿಯಾಕ್ಕೆ ಸೋತರು. ಒಲಿಂಪಿಕ್ ಪದಕ ಅವರಿಗೆ ಕೊನೆಗೂ ಸಿಗಲಿಲ್ಲ. ಅದೇ ತಿಂಗಳು ರಾಷ್ಟ್ರೀಯ ತಂಡದಿಂದ ನಿವೃತ್ತರಾದರು.

ಶಾಂಘೈನಲ್ಲಿ ಇನ್ನೊಂದು ಸೀಸನ್ ಆಡಿ, 2022ರಲ್ಲಿ ಮತ್ತೆ ಹುಂಗ್‌ಕುಕ್‌ಗೆ ಬಂದರು. ಊರಿನ ಲೆಕ್ಕದಲ್ಲಿ ಇದು ಆರನೆಯದು. ಈ ಸೀಸನ್ನೂ ನೆಮ್ಮದಿಯದ್ದಲ್ಲ. ಎರಡನೇ ಸ್ಥಾನದಲ್ಲಿದ್ದಾಗಲೇ ಕಂಪನಿ ಕೋಚ್‌ನನ್ನು ಕಿತ್ತುಹಾಕಿತು. ತಂಡ ಆರಿಸುವುದರಲ್ಲಿ ಮೇಲಿನವರ ಕೈವಾಡ ಇತ್ತೆಂಬ ಮಾತು ಎದ್ದಿತು. ಕಿಮ್ ಕೂಡ ಕ್ಲಬ್‌ನ ನಡೆಯನ್ನು ಬಹಿರಂಗವಾಗಿ ಟೀಕಿಸಿದರು. ಫೆನರ್‌ಬಾಹ್ಚೆಯಲ್ಲಿ ಅವರಿಗೆ ಕೋಚ್ ಆಗಿದ್ದ ಇಟಲಿಯ ಮಾರ್ಚೆಲ್ಲೊ ಅಬ್ಬೊಂದಾನ್ಸಾ ಬಂದು ಸೇರಿದರು. ಲೀಗ್‌ನಲ್ಲಿ ಮೊದಲ ಸ್ಥಾನ ಸಿಕ್ಕಿತು. ಆದರೆ ಫೈನಲ್‌ನಲ್ಲಿ ಮೊದಲ ಎರಡು ಪಂದ್ಯ ಗೆದ್ದು, ಉಳಿದ ಮೂರನ್ನೂ ಹೆದ್ದಾರಿ ನಿಗಮದ ತಂಡಕ್ಕೆ ಸೋತರು. ವಿ-ಲೀಗ್ ಫೈನಲ್‌ಗಳಲ್ಲಿ ಹಾಗಾದದ್ದು ಅದೇ ಮೊದಲು.

2023ರ ವಸಂತದಲ್ಲಿ ಆರು ಸೀಸನ್ ಲೆಕ್ಕ ಚುಕ್ತಾ ಆಯಿತು. ಕಿಮ್ ಯೊನ್‌ಕ್ಯುಂಗ್ ಮೊದಲ ಸಲ ತಮ್ಮ ದೇಶದಲ್ಲಿ ಫ್ರೀ ಏಜೆಂಟ್ ಆದರು. ವಯಸ್ಸು 35. ಡ್ರಾಫ್ಟ್ ಆಗಿ 17 ವರ್ಷ ದಾಟಿತ್ತು. ಹುಂಗ್‌ಕುಕ್ ಹೇಳಿದ 'ಎರಡು ಬಾಕಿ'ಯನ್ನು ಅವರು ಪೂರ್ತಿ ತೀರಿಸಿದ್ದರು. ಹಾಗೆ ನೋಡಿದರೆ ಊರಿನಲ್ಲಿ ಗೆದ್ದದ್ದು ಕ್ಲಬ್‌ನ ಎಣಿಕೆಯೇ. ಆದರೆ ಆ ಎಣಿಕೆಯನ್ನು 2012ರಲ್ಲೇ ಹೇರಿದ್ದರೆ ಟರ್ಕಿಯ, ಚೀನಾದ ಆ ವರ್ಷಗಳು ಇರುತ್ತಿರಲಿಲ್ಲ, ಮರಳಿ ಬಂದಾಗ ಅವರಿಗಿದ್ದ ಬೆಲೆಯೂ ಇರುತ್ತಿರಲಿಲ್ಲ. ಸಾಲ ತೀರಿಸುವ ಹೊತ್ತನ್ನು ಅವರೇ ಆರಿಸಿಕೊಂಡರು. ಹೋರಾಟದಿಂದ ಅವರು ಪಡೆದದ್ದು ಅದನ್ನೇ ಅಂತ ನನಗನ್ನಿಸುತ್ತದೆ.

ಬೇರೆ ತಂಡಗಳೂ ಅವರಿಗಾಗಿ ಕಾದಿದ್ದವು. ಅವರು ಹುಂಗ್‌ಕುಕ್ ಜೊತೆಗೇ ಮತ್ತೆ ಸಹಿ ಹಾಕಿದರು, ನಿಯಮ ಬಿಡುವ ಗರಿಷ್ಠ ಮೊತ್ತ 77.5 ಕೋಟಿ ವೊನ್‌ಗೆ. 2023-24ರಲ್ಲಿ ಮತ್ತೆ ಫೈನಲ್ ಸೋಲು. 2025ರ ಫೆಬ್ರುವರಿಯಲ್ಲಿ ಈ ಸೀಸನ್ ಮುಗಿದ ಮೇಲೆ ನಿವೃತ್ತಿ ಅಂತ ಹೇಳಿದರು. ಏಪ್ರಿಲ್ 8ರಂದು ಇಂಚಾನ್‌ನಲ್ಲಿ ರೆಡ್ ಸ್ಪಾರ್ಕ್ಸ್ ವಿರುದ್ಧ ಫೈನಲ್‌ನ ಐದನೇ ಪಂದ್ಯ. ಅದೂ ಐದು ಸೆಟ್‌ಗೆ ಹೋಯಿತು. 37 ವರ್ಷದ ಕಿಮ್ 34 ಅಂಕ ಹೊಡೆದರು, ಹುಂಗ್‌ಕುಕ್ ಚಾಂಪಿಯನ್ ಆಯಿತು. ಕ್ಲಬ್ ಜೊತೆ ಅವರ ಹಿಂದಿನ ಕಪ್ ಬಂದು 16 ವರ್ಷವಾಗಿತ್ತು.

ಹುಂಗ್‌ಕುಕ್‌ಗೆ ಅವರು ಒಟ್ಟು ಆಡಿದ್ದು ಎಂಟು ಸೀಸನ್. ಆರು ನಿಯಮದ ಲೆಕ್ಕದ್ದು. ಕೊನೆಯ ಎರಡು ಬೇಕೆಂದು ಆಡಿದ್ದು.